ಬಕಲ್ ಹಾಕಿದ ಹಾಗೇ ಇದೆ, ಬೆಕ್ಕು ಮಾತ್ರ ಇಲ್ಲ: ಹಾರ್ನೆಸ್, ಲೀಶ್, ಕಾಲರ್ ದೋಷ ನಿವಾರಣೆ

ಕೈಯಲ್ಲಿ ಹಾರ್ನೆಸ್, ಅಂದರೆ ಬೆಕ್ಕಿನ ಕುತ್ತಿಗೆಗೂ ಎದೆಗೂ ಸುತ್ತಿ ಹಾಕುವ ಪಟ್ಟಿ, ಉಳಿದಿತ್ತು. ಎರಡೂ ಬಕಲ್ ಹಾಕಿದ ಹಾಗೇ ಇದ್ದವು, ಕೈಯಲ್ಲಿ ಹಿಡಿಯುವ ಹಗ್ಗದ, ಅಂದರೆ ಲೀಶಿನ, ಕೊಂಡಿ ಬೆನ್ನಿನ ಬಳೆಯಲ್ಲಿ ಭದ್ರವಾಗಿತ್ತು, ಎದೆಪಟ್ಟಿಯ ಅಂಚಿಗೆ ಬೂದು ಕೂದಲಿನ ಸಣ್ಣ ಕುಚ್ಚೊಂದು ಅಂಟಿಕೊಂಡಿತ್ತು. ನನ್ನ ಬೆಕ್ಕು ಚುಕ್ಕಿ ಮಾತ್ರ ಇರಲಿಲ್ಲ.

ಆಗಿದ್ದು ಇಷ್ಟು. ಹತ್ತಿರದಲ್ಲೇ ಯಾರೋ ಕಬ್ಬಿಣದ ಗೇಟನ್ನು ದಢಾರೆಂದು ಹಾಕಿದರು. ಚುಕ್ಕಿ ಥಟ್ಟನೆ ನನ್ನ ಕಡೆ ತಿರುಗಿ, ನಾಲ್ಕೂ ಕಾಲು ನೆಲಕ್ಕೆ ಊರಿ, ತಲೆ ತಗ್ಗಿಸಿ ಹಿಂದಕ್ಕೆ ಜಗ್ಗಿತು. ನಾನು ಗಾಬರಿಯಲ್ಲಿ ಲೀಶ್ ಬಿಗಿ ಹಿಡಿದೆ. ಕುತ್ತಿಗೆಯ ಪಟ್ಟಿ ಕಿವಿಯ ಮೇಲೆ ಹಾದು ಬಂತು, ಮುಂಗಾಲು ಒಂದೊಂದಾಗಿ ಹೊರಬಂದವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಾರ್ನೆಸ್ ಸರಿಯಿಲ್ಲ, ಬೇರೆ ತರಬೇಕು ಅಂತ ಆ ಹೊತ್ತಿಗೆ ಯಾರಿಗಾದರೂ ಅನಿಸುತ್ತದೆ. ಎಷ್ಟೋ ಜನ ಹಾಗೆ ಮೂರು ನಾಲ್ಕು ಹಾರ್ನೆಸ್ ಬದಲಿಸಿ, ನಾಲ್ಕನೆಯದರಲ್ಲೂ ಬೆಕ್ಕನ್ನು ಕಳೆದುಕೊಳ್ಳುತ್ತಾರೆ. ಹೊಸದು ತರುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಸಲಕರಣೆ ಬೆಕ್ಕಿನ ಮೈಗೆ ಹೇಗೆ ಕೂತಿತ್ತು? ಲೀಶ್ ಯಾವ ದಿಕ್ಕಿಗೆ ಬಿಗಿಯಾಗಿತ್ತು? ಅದಕ್ಕೆ ತುಸು ಮೊದಲು ಬೆಕ್ಕಿಗೆ ಏನು ಕಂಡಿತು, ಏನು ಕೇಳಿಸಿತು? ನಾನು ನೋಡಿದ ಮಟ್ಟಿಗೆ ಹೆಚ್ಚಿನ ದೋಷಗಳ ಬೇರು ಎರಡನೆಯ, ಮೂರನೆಯ ಪ್ರಶ್ನೆಯಲ್ಲೇ ಇರುತ್ತದೆ.

ಮೊದಲೇ ತಿಳಿದಿರಬೇಕಾದದ್ದು

ಕುತ್ತಿಗೆಗೆ ಹಾಕುವ ಕಾಲರ್ ಇರುವುದು ಗುರುತಿಗೆ. ಹಾರ್ನೆಸ್ ಇರುವುದು ಲೀಶ್ ಕಟ್ಟಲು. ಇವೆರಡನ್ನು ಅದಲು ಬದಲು ಮಾಡಬೇಡಿ. ಗಟ್ಟಿ ಕಾಲರಿಗೆ ಲೀಶ್ ಸಿಕ್ಕಿಸಿದರೆ ಬೆಕ್ಕು ಹಾರಿದಾಗ ಪೂರ್ತಿ ಸೆಳೆತ ಕುತ್ತಿಗೆಗೆ, ಶ್ವಾಸನಾಳಕ್ಕೆ ಬೀಳುತ್ತದೆ. ತಾನೇ ಬಿಚ್ಚಿಕೊಳ್ಳುವ ಕಾಲರಿಗೆ ಸಿಕ್ಕಿಸಿದರೆ ಮೊದಲ ಸೆಳೆತಕ್ಕೇ ಅದು ಬಿಚ್ಚಿ ಬೆಕ್ಕು ಪಾರಾಗುತ್ತದೆ. ಒಂದರಲ್ಲಿ ಗಾಯ, ಇನ್ನೊಂದರಲ್ಲಿ ಬೆಕ್ಕೇ ಇಲ್ಲ. ನಿಮ್ಮ ದೋಷ ಇಲ್ಲೇ ಇದ್ದರೆ ಲೀಶನ್ನು ಹಾರ್ನೆಸ್‌ನ ಬೆನ್ನಿನ ಬಳೆಗೆ ವರ್ಗಾಯಿಸಿ, ಆಮೇಲೆ ಮುಂದಕ್ಕೆ ಓದಿ.

ದೋಷ: ಹಿಂದಕ್ಕೆ ಸರಿದು ಹಾರ್ನೆಸ್‌ನಿಂದ ನುಸುಳಿಕೊಳ್ಳುತ್ತದೆ

ಬೆಕ್ಕಿನ ಮೈಕಟ್ಟು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ನಮ್ಮ ಕೊರಳೆಲುಬು ಒಂದು ಕಡೆ ಎದೆಯೆಲುಬಿಗೆ, ಇನ್ನೊಂದು ಕಡೆ ಭುಜಕ್ಕೆ ಕೂಡಿಕೊಂಡಿದೆ. ಅದಕ್ಕೇ ನಮ್ಮ ಭುಜದ ಅಗಲ ಕುಗ್ಗುವುದಿಲ್ಲ. ಬೆಕ್ಕಿನ ಕೊರಳೆಲುಬು ಒಂದು ಸಣ್ಣ ಕಡ್ಡಿಯಂತೆ ಸ್ನಾಯುಗಳ ನಡುವೆ ತೇಲುತ್ತಿರುತ್ತದೆ, ಬೇರೆ ಯಾವ ಮೂಳೆಗೂ ಅಂಟಿಕೊಂಡಿಲ್ಲ. ಮುಂಗಾಲುಗಳು ಮೈಗೆ ಸೇರಿರುವುದು ಸ್ನಾಯುಗಳಿಂದ ಮಾತ್ರ. ಹಾಗಾಗಿ ತಲೆ ತೂರಿದ ಸಂದಿಯಲ್ಲಿ ಸಾಮಾನ್ಯವಾಗಿ ಮೈಯೂ ತೂರುತ್ತದೆ. ಸಡಿಲ ಚರ್ಮ, ನುಣುಪು ಕೂದಲು ಜೊತೆಗೆ ಸೇರಿದರೆ ಕೇಳುವುದೇ ಬೇಡ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಬೆಕ್ಕು ಎಂದೂ ತಪ್ಪಿಸಿಕೊಳ್ಳಲಾಗದ ಹಾರ್ನೆಸ್ ಎಂಬುದು ಇಲ್ಲ.

ಮುಂದಕ್ಕೆ ಎಳೆಯುವ ಬೆಕ್ಕು ಹಾರ್ನೆಸ್‌ನಿಂದ ಹೊರಬರುವುದು ಕಡಿಮೆ. ಆಗ ಎದೆಪಟ್ಟಿ ಎದೆಗೆ ಒತ್ತಿ ನಿಲ್ಲುತ್ತದೆ. ಅಪಾಯ ಇರುವುದು ಬೆಕ್ಕು ನಿಮ್ಮ ಕಡೆ ಮುಖ ಮಾಡಿ ಹಿಂದಕ್ಕೆ ಸರಿದಾಗ. ಆಗ ನೀವು ಎಳೆಯುವುದೂ ಹಾರ್ನೆಸ್ ಕಳಚುವುದೂ ಒಂದೇ ದಿಕ್ಕಿನಲ್ಲಿ ಆಗುತ್ತವೆ. ಅಂಗಿಯನ್ನು ತಲೆಯ ಮೇಲಿಂದ ಬಿಚ್ಚಿದ ಹಾಗೆ ನೀವೇ ಅದನ್ನು ಬಿಚ್ಚಿಕೊಟ್ಟಂತೆ. ಚುಕ್ಕಿಯ ವಿಷಯದಲ್ಲಿ ನಾನು ಮಾಡಿದ್ದು ಅದನ್ನೇ.

ಹಾಗಾಗಿ ಮೊದಲ ಪರಿಹಾರ ನಿಮ್ಮ ಕಾಲಲ್ಲಿದೆ. ಬೆಕ್ಕು ಹಿಂದೆ ಸರಿಯತೊಡಗಿದ ಕ್ಷಣ ಎಳೆಯಬೇಡಿ. ಅದರ ಕಡೆಗೇ ಒಂದು ಹೆಜ್ಜೆ ಹಾಕಿ, ಲೀಶ್ ಸಡಿಲವಾಗಲಿ. ಹಾಗೇ ನಿಧಾನವಾಗಿ ಪಕ್ಕಕ್ಕೆ ಬಂದು ಬೆಕ್ಕಿನ ಬೆನ್ನ ಹಿಂದೆ ಹೋಗಿ ಕುಳಿತುಬಿಡಿ. ಹಿಂದಿನಿಂದ ಹಿಡಿದ ಲೀಶಿಗೆ ಹಾರ್ನೆಸ್ ಕಳಚುವುದು ಕಡಿಮೆ. ಓದಲು ಸುಲಭ, ಆದರೆ ಕೈಗೆ ಬರುವುದು ಕಷ್ಟ. ಗಾಬರಿಯಾದಾಗ ಮುಷ್ಟಿ ತಾನಾಗಿ ಬಿಗಿಯುತ್ತದೆ. ಮನೆಯೊಳಗೆ ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಿ. ಲೀಶಿನ ಇನ್ನೊಂದು ತುದಿಯನ್ನು ಮನೆಯವರು ಯಾರಾದರೂ ಹಿಡಿದು ಹಿಂದೆ ಸರಿಯಲಿ, ನೀವು ಮುಂದೆ ಹೆಜ್ಜೆ ಹಾಕಿ. ಕೈಗೆ ಮುಂಚೆ ಕಾಲು ಆಡುವಂತಾಗಬೇಕು.

ಎರಡನೆಯದು ಅಳತೆ. ಬಟ್ಟೆ ಅಳೆಯುವ ಟೇಪು ತಂದು ಬೆಕ್ಕು ನಿಂತಿರುವಾಗ ಎರಡು ಕಡೆ ಅಳೆಯಿರಿ: ಕುತ್ತಿಗೆಯ ಬುಡ, ಆಮೇಲೆ ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ. ಮಲಗಿರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಹಾರ್ನೆಸ್ ಹಾಕಿದ ಮೇಲೆ ಪಟ್ಟಿಗೂ ಮೈಗೂ ನಡುವೆ ಒಂದೋ ಎರಡೋ ಬೆರಳು ಮಲಗಿಸಿ ತೂರುವಷ್ಟು ಜಾಗ ಇರಲಿ. ಮುಷ್ಟಿ ತೂರಿದರೆ ಸಡಿಲ, ಬೆರಳೇ ತೂರದಿದ್ದರೆ ಬಿಗಿ. ಉದ್ದ ಕೂದಲಿನ ಬೆಕ್ಕಾದರೆ ಕೂದಲು ಬಿಡಿಸಿ ಚರ್ಮದ ಮೇಲೆ ಬೆರಳಿಟ್ಟು ನೋಡಿ, ಇಲ್ಲದಿದ್ದರೆ ಕೂದಲಿನ ದಪ್ಪವೇ ಮೋಸ ಮಾಡುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಹಾರ್ನೆಸ್ ಹಾಕುವಾಗ ಬೆಕ್ಕು ಮೈ ಬಿಗಿಹಿಡಿದಿರುತ್ತದೆ, ಕೂದಲೂ ಉಬ್ಬಿರುತ್ತದೆ. ಐದು ನಿಮಿಷ ಓಡಾಡಿದ ಮೇಲೆ ಮೈ ಸಡಿಲವಾಗಿ, ಕೂದಲು ಅಮರಿ, ಎರಡು ಬೆರಳಿನ ಜಾಗ ಮೂರು ಬೆರಳಾಗಿರುತ್ತದೆ. ಹಾಕಿದ ತಕ್ಷಣ ಒಮ್ಮೆ, ಐದು ನಿಮಿಷದ ನಂತರ ಇನ್ನೊಮ್ಮೆ ಬೆರಳಿಟ್ಟು ನೋಡಿ. ನಾನು ಈಗ ಎರಡನೆಯ ಸಲ ನೋಡದೆ ಬಾಗಿಲು ತೆರೆಯುವುದಿಲ್ಲ.

ಮೂರನೆಯದು ಪರೀಕ್ಷೆ. ಕಿಟಕಿ, ಬಾಗಿಲು ಹಾಕಿದ ಕೋಣೆಯಲ್ಲಿ ಬೆಕ್ಕಿನ ಮುಂದೆ ಕುಳಿತು, ಜಗ್ಗದೆ, ಲೀಶನ್ನು ಹಗುರವಾಗಿ ಬಿಗಿ ಮಾಡಿ ಹಿಡಿಯಿರಿ. ಬೆಕ್ಕು ಹಿಂದೆ ಸರಿದಾಗ ಕುತ್ತಿಗೆಯ ಪಟ್ಟಿ ಎಲ್ಲಿಗೆ ಬರುತ್ತದೆ ನೋಡಿ. ಕುತ್ತಿಗೆಯ ಬುಡದಲ್ಲೇ ನಿಂತರೆ ಸರಿ. ಕಿವಿಯ ಬುಡಕ್ಕೆ ಬಂದರೆ ಅಲ್ಲೇ ಬಿಟ್ಟುಬಿಡಿ, ಅದು ಹೊರಗೆ ಕಳಚುತ್ತದೆ. ಈ ಪರೀಕ್ಷೆಯನ್ನು ಒಂದು ಸಲ, ಹೆಚ್ಚೆಂದರೆ ಎರಡು ಸಲ ಮಾತ್ರ ಮಾಡಿ. ಪದೇ ಪದೇ ಮಾಡಿದರೆ ತಪ್ಪಿಸಿಕೊಳ್ಳುವ ದಾರಿಯನ್ನು ನೀವೇ ಕಲಿಸಿಕೊಟ್ಟ ಹಾಗಾಗುತ್ತದೆ, ಕಲಿತದ್ದನ್ನು ಬೆಕ್ಕು ಮರೆಯುವುದಿಲ್ಲ.

ಈ ಮೂರೂ ಸರಿಯಿದ್ದೂ ಕಳಚಿದರೆ ಆಗ ಹಾರ್ನೆಸ್‌ನ ಬಗೆ ಬದಲಿಸಿ. ಪಟ್ಟಿಗಳದ್ದು ಹಗುರ, ಅಳತೆಗೆ ಸರಿಹೊಂದಿಸುವುದು ಸುಲಭ, ಆದರೆ ತುಸು ಸಡಿಲವಾದರೂ ಜಾರುತ್ತದೆ. ಕೋಟಿನಂತೆ ಮೈ ಸುತ್ತುವುದು ಜಾರುವುದು ಕಡಿಮೆ, ಸೆಳೆತವೂ ಮೈ ಮೇಲೆ ಹಂಚಿಹೋಗುತ್ತದೆ, ಆದರೆ ಸೆಕೆ ಹೆಚ್ಚು, ಒಗ್ಗಿಕೊಳ್ಳಲು ಹೊತ್ತೂ ಹೆಚ್ಚು. ಕುತ್ತಿಗೆಗೂ ಎದೆಗೂ ಬೇರೆ ಬೇರೆಯಾಗಿ ಅಳತೆ ಹೊಂದಿಸಲು ಬರುವುದನ್ನೇ ಆರಿಸಿ. ಎರಡರಲ್ಲಿ ಒಂದನ್ನೇ ಹೊಂದಿಸಲು ಬಂದರೆ ಇನ್ನೊಂದು ಕಡೆ ಸಂದಿ ಉಳಿದೇ ಉಳಿಯುತ್ತದೆ.

ದೋಷ: ಹಾಕಿದ ಕೂಡಲೇ ಪಕ್ಕಕ್ಕೆ ಬಿದ್ದುಕೊಳ್ಳುತ್ತದೆ, ಜಪ್ಪಯ್ಯ ಅಂದರೂ ಏಳುವುದಿಲ್ಲ

ಇದನ್ನು ನೋಡಿ ಜನ ನಗುತ್ತಾರೆ, ವಿಡಿಯೊ ಮಾಡುತ್ತಾರೆ. ಬೆಕ್ಕಿಗೆ ಅದು ತಮಾಷೆಯಲ್ಲ. ಮೈ ಸುತ್ತ ಯಾವುದೋ ಒತ್ತುತ್ತಿದೆ, ಅದು ಏನೆಂದು ಗೊತ್ತಿಲ್ಲ, ಹಾಗಾಗಿ ಅಲುಗಾಡದೆ ಇರುವುದೇ ಕ್ಷೇಮ ಎಂದು ಅದರ ಮೈ ಹೇಳುತ್ತಿದೆ. ಇನ್ನು ಕೆಲವು ಬೆಕ್ಕುಗಳು ತಗ್ಗು ಮಂಚದಡಿ ನುಸುಳುವಂತೆ ಹೊಟ್ಟೆ ನೆಲಕ್ಕೆ ತಾಗಿಸಿ ನಡೆಯುತ್ತವೆ. ಕಾರಣ ಒಂದೇ.

ಮೊದಲು ನೋವನ್ನು ಬೇರ್ಪಡಿಸಿಕೊಳ್ಳಿ. ಹಾರ್ನೆಸ್ ಬಿಚ್ಚಿ. ಬೆಕ್ಕು ತಕ್ಷಣ ಎದ್ದು ಮೈ ಕೊಡವಿ ಎಂದಿನಂತೆ ನಡೆದರೆ ಇದು ಒಗ್ಗದಿರುವುದು ಅಥವಾ ಬಿಗಿ. ಬಿಚ್ಚಿದ ಮೇಲೂ ಕುಂಟಿದರೆ, ಎತ್ತರಕ್ಕೆ ಜಿಗಿಯಲು ಹಿಂಜರಿದರೆ, ಮುಟ್ಟಿದಲ್ಲಿ ಗುರ್ರೆಂದರೆ ಪಶುವೈದ್ಯರ ಬಳಿ ಹೋಗಿ. ವಯಸ್ಸಾದ ಬೆಕ್ಕುಗಳಲ್ಲಿ ಕೀಲುನೋವು ಸಾಮಾನ್ಯ. ದಿನವೂ ಅದನ್ನು ಮರೆಮಾಚಿಕೊಂಡಿರುವ ಬೆಕ್ಕು ಹಾರ್ನೆಸ್ ಬಿದ್ದಾಗ ತೋರಿಸಿಕೊಡುತ್ತದೆ.

ನೋವಿಲ್ಲ ಎಂದಾದರೆ ಹಿಂದಕ್ಕೆ, ಅಂದರೆ ಮೊದಲ ಮೆಟ್ಟಿಲಿಗೆ ಹೋಗಿ. ಎರಡು ಮೂರು ದಿನ ಹಾರ್ನೆಸ್ ಅದರ ಹಾಸಿಗೆಯ ಪಕ್ಕ ಬಿದ್ದಿರಲಿ, ವಾಸನೆ ಪರಿಚಯವಾಗಲಿ. ಅದರ ಮೇಲೆಯೇ ಇಷ್ಟದ ತಿನಿಸು ಇಡಿ. ಆಮೇಲೆ ಬಕಲ್ ಹಾಕದೆ ಬೆನ್ನ ಮೇಲೆ ಸುಮ್ಮನೆ ಇಟ್ಟು ತೆಗೆಯಿರಿ.

ಬಕಲ್ ಸದ್ದನ್ನು ಬೇರೆಯಾಗಿಯೇ ಒಗ್ಗಿಸಬೇಕು. ಬೆಕ್ಕು ಊಟ ಮಾಡುತ್ತಿರುವಾಗ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಬಕಲನ್ನು ಅಂಗೈಯೊಳಗೆ ಮುಚ್ಚಿ ಟಕ್ ಎನಿಸಿ. ಚುಕ್ಕಿಯ ಬಲಗಿವಿ ಮೊದಲ ದಿನ ಆ ಸದ್ದಿಗೆ ಹಿಂದಕ್ಕೆ ತಿರುಗಿ, ತಲೆ ತಟ್ಟೆಯಲ್ಲೇ ಇದ್ದರೂ, ಒಂದು ನಿಮಿಷ ಹಾಗೇ ನಿಂತಿತ್ತು. ಐದನೆಯ ದಿನ ಕಿವಿ ತಿರುಗಿ ಮರಳಿ ಬಂತು. ಎಂಟನೆಯ ದಿನ ತಿರುಗಲೇ ಇಲ್ಲ. ಆಗ ಬಕಲನ್ನು ಮೈಮೇಲೆ ಹಾಕಿದೆ. ವೆಲ್ಕ್ರೋ ಇರುವ ಹಾರ್ನೆಸ್ ಆದರೆ ಈ ಹೆಜ್ಜೆಗೆ ದುಪ್ಪಟ್ಟು ದಿನ ಕೊಡಿ. ಆ ಪರ್ರ್ ಸದ್ದು ಬೆಕ್ಕಿನ ಕಿವಿಯ ಪಕ್ಕದಲ್ಲೇ ಆಗುತ್ತದೆ. ಮನುಷ್ಯರಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸಿದರೆ ಬೆಕ್ಕಿಗೆ 60 ಕಿಲೋಹರ್ಟ್ಸ್ ದಾಟಿಯೂ ಕೇಳಿಸುತ್ತದೆ. ನಮಗೆ ಸಣ್ಣದೆನಿಸುವ ಸದ್ದಿನಲ್ಲಿ ಅದಕ್ಕೆ ಇನ್ನೂ ಬಹಳಷ್ಟು ಇರುತ್ತದೆ.

ಮೊದಲು ಹಾಕಿದಾಗ ಹತ್ತು ಇಪ್ಪತ್ತು ಸೆಕೆಂಡು ಸಾಕು. ತಿನಿಸು ಕೊಟ್ಟು ಬಿಚ್ಚಿ. ದಿನ ದಿನ ಹೊತ್ತು ಹೆಚ್ಚಿಸಿ. ಬಿದ್ದುಕೊಂಡ ಬೆಕ್ಕನ್ನು ಎತ್ತಿ ನಿಲ್ಲಿಸುವುದು, ಲೀಶ್ ಹಿಡಿದು ನೆಲದ ಮೇಲೆ ಎಳೆಯುವುದು ಬೇಡವೇ ಬೇಡ. ಗರಿ ಕಟ್ಟಿದ ಕೋಲನ್ನು ಮೂಗಿನ ಮುಂದೆ ಆಡಿಸಿ. ಆಟಕ್ಕೆ ಒಂದು ಮುಂಗಾಲು ಚಾಚಿದರೂ ಆ ದಿನದ ಮಟ್ಟಿಗೆ ಗೆದ್ದಂತೆ. ಬಿಚ್ಚುವಾಗಲೂ ಅದು ಶಾಂತವಾಗಿರುವ ಹೊತ್ತು ನೋಡಿ ಬಿಚ್ಚಿ, ಒದ್ದಾಡಿದರೆ ಬಿಚ್ಚುತ್ತಾರೆ ಎಂಬ ಪಾಠ ಬೇಡ. ನಿಜವಾಗಿ ಹೆದರಿ ಹೊರಳಾಡುತ್ತಿದ್ದರೆ ಮಾತ್ರ ಪಾಠಗೀಠ ಎಲ್ಲ ಬಿಟ್ಟು ಮೊದಲು ಬಿಚ್ಚಿ.

ಒಂದು ವಾರದಲ್ಲಿ ಒಗ್ಗುವ ಬೆಕ್ಕುಗಳಿವೆ, ಎರಡು ತಿಂಗಳು ತೆಗೆದುಕೊಳ್ಳುವವೂ ಇವೆ. ಏನು ಮಾಡಿದರೂ ಒಲ್ಲೆ ಎನ್ನುವವೂ ಇವೆ. ಅಂಥದ್ದನ್ನು ಬಲವಂತ ಮಾಡಬೇಡಿ. ಜಾಲರಿ ಹೊಡೆದ ಬಾಲ್ಕನಿ, ಕಿಟಕಿಯ ಪಕ್ಕ ಎತ್ತರದ ಹಲಗೆ, ಇವುಗಳಿಂದಲೂ ಅದಕ್ಕೆ ಹೊರಗಿನ ಗಾಳಿ, ಹಕ್ಕಿ, ಬಿಸಿಲು ಸಿಗುತ್ತವೆ.

ದೋಷ: ಮನೆಯೊಳಗೆ ಚೆನ್ನಾಗಿ ನಡೆಯುತ್ತದೆ, ಹೊರಗೆ ಕಾಲಿಟ್ಟರೆ ಮುದುಡುತ್ತದೆ ಅಥವಾ ಹುಚ್ಚೆದ್ದು ಓಡುತ್ತದೆ

ಇದು ಸಲಕರಣೆಯ ದೋಷವಲ್ಲ, ಭಯ. ಬೆಕ್ಕು ಅದನ್ನು ಮೊದಲೇ ಹೇಳುತ್ತದೆ, ನಾವು ನೋಡಿರುವುದಿಲ್ಲ. ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಪಕ್ಕಕ್ಕೆ ಮಲಗುವುದು, ಬಾಲ ಹೊಟ್ಟೆಯಡಿ ಸೇರುವುದು, ತಿನಿಸು ಕೊಟ್ಟರೆ ಮೂಸಿಯೂ ನೋಡದಿರುವುದು. ಕೊನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ನಂಬಬಹುದಾದ ಗುರುತು. ಮನೆಯಲ್ಲಿ ಮೇಲೆ ಬಿದ್ದು ತಿನ್ನುವ ತಿನಿಸನ್ನು ಹೊರಗೆ ಬಿಟ್ಟರೆ ಆ ದಿನದ ಓಡಾಟ ಅಲ್ಲಿಗೇ ಮುಗಿಯಿತು, ವಾಪಸ್ ಬನ್ನಿ. ಬಾಲ ಪೊರಕೆಯಂತೆ ಉಬ್ಬುವವರೆಗೆ ಕಾಯಬೇಡಿ.

ಮೊದಲ ವಾರಗಳಲ್ಲಿ ಐದು ಹತ್ತು ನಿಮಿಷ ಸಾಕು. ಸದ್ದಿಲ್ಲದ ಹೊತ್ತು, ಜನ, ವಾಹನ, ನಾಯಿ ಇಲ್ಲದ ಜಾಗ ನೋಡಿ. ಬೆಕ್ಕನ್ನು ಒಯ್ಯುವ ಪೆಟ್ಟಿಗೆಯನ್ನು, ಅಂದರೆ ಕ್ಯಾರಿಯರನ್ನು, ಬಾಗಿಲು ತೆರೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಹೆದರಿದಾಗ ಓಡಿಹೋಗಲು ಒಂದು ಗೂಡು ಇದೆ ಎಂದು ಗೊತ್ತಾದ ಬೆಕ್ಕು ದೂರ ಓಡುವುದಕ್ಕಿಂತ ಆ ಗೂಡಿಗೆ ನುಗ್ಗುತ್ತದೆ. ಬೆಕ್ಕನ್ನು ನಾಯಿಯ ಹಾಗೆ ನಡೆಸಿಕೊಂಡು ಹೋಗಲು ನೋಡಬೇಡಿ. ಅದು ಕೂತರೆ ಕೂರಿ, ಹುಲ್ಲು ಮೂಸಿದರೆ ನಿಲ್ಲಿ. ಅರ್ಧ ಗಂಟೆಯಲ್ಲಿ ಹತ್ತು ಮೀಟರ್ ನಡೆದರೂ ಅದು ಒಳ್ಳೆಯ ಓಡಾಟ.

ಭಯ ಮೈಮೇಲೆ ಬಂದ ಬೆಕ್ಕನ್ನು ಬರಿಗೈಯಲ್ಲಿ ಎದೆಗವಚಿಕೊಳ್ಳಬೇಡಿ. ಆ ಹೊತ್ತಿನಲ್ಲಿ ಅದಕ್ಕೆ ನೀವು ಯಾರೆಂಬುದೂ ಗೊತ್ತಾಗುವುದಿಲ್ಲ, ಕೈ ಸಿಕ್ಕರೆ ಕೈ, ಮುಖ ಸಿಕ್ಕರೆ ಮುಖ. ಬೆಕ್ಕಿನ ಹಲ್ಲು ಸಣ್ಣ ತೂತು ಮಾಡಿ ಆಳಕ್ಕೆ ಇಳಿಯುತ್ತದೆ, ಹೊರಗಿನಿಂದ ಏನೂ ಆಗಿಲ್ಲವೆಂದು ಕಂಡರೂ ಒಳಗೆ ಕೀವಾಗಬಹುದು. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ, ರೇಬಿಸ್ ಲಸಿಕೆಯ ಬಗ್ಗೆಯೂ ಕೇಳಿ. ಒಂದು ದಪ್ಪ ಟವೆಲ್ ಯಾವಾಗಲೂ ಜೊತೆಗಿರಲಿ. ಬೆಕ್ಕಿನ ಮೇಲೆ ಅದನ್ನು ಹೊದೆಸಿ, ಸುತ್ತಿ, ಕ್ಯಾರಿಯರಿಗೆ ಇಳಿಸಿ. ಕಟ್ಟದ ನಾಯಿ ಬಂದರೆ ಬೆಕ್ಕನ್ನು ಹೆಗಲ ಮೇಲೆ ಎತ್ತಿಕೊಳ್ಳಬೇಡಿ, ನಾಯಿ ನಿಮ್ಮ ಮೇಲೇ ಜಿಗಿಯುತ್ತದೆ. ಬೆಕ್ಕನ್ನು ಕ್ಯಾರಿಯರಿಗೆ ಸೇರಿಸಿ ನೀವು ನಡುವೆ ನಿಲ್ಲಿ.

ದೋಷ: ಲೀಶ್ ಸಿಕ್ಕಿಹಾಕಿಕೊಳ್ಳುತ್ತದೆ, ಕೈತಪ್ಪುತ್ತದೆ

ಬಟನ್ ಒತ್ತಿದರೆ ತಾನಾಗಿ ಸುತ್ತಿಕೊಳ್ಳುವ ಲೀಶ್ ಬಳಸುತ್ತಿದ್ದರೆ ಇಂದೇ ಬಿಡಿ. ಅದರ ದಪ್ಪ ಪ್ಲಾಸ್ಟಿಕ್ ಹಿಡಿ ಕೈಯಿಂದ ಬಿದ್ದರೆ ಬೆಕ್ಕಿನ ಹಿಂದೆ ಕಟಕಟ ಸದ್ದು ಮಾಡುತ್ತ ಅಟ್ಟಿಸಿಕೊಂಡು ಬರುತ್ತದೆ. ಬೆಕ್ಕು ಎಷ್ಟು ಓಡಿದರೂ ಭೂತ ಬೆನ್ನ ಹಿಂದೆಯೇ. ಅದು ಬೀಳದಿದ್ದರೂ, ಓಡುವ ಬೆಕ್ಕು ದಾರ ಮುಗಿದಾಗ ಪೂರ್ತಿ ವೇಗದಲ್ಲಿ ಥಟ್ಟನೆ ನಿಲ್ಲಬೇಕಾಗುತ್ತದೆ. ಒಂದೂವರೆಯಿಂದ ಎರಡು ಮೀಟರ್ ಉದ್ದದ, ಹಗುರ ಬಟ್ಟೆಪಟ್ಟಿಯ ಸಾಮಾನ್ಯ ಲೀಶ್ ಸಾಕು. ನಡುವೆ ತುಸು ಹಿಗ್ಗುವ ಎಲಾಸ್ಟಿಕ್ ಭಾಗವಿದ್ದರೆ ಸೆಳೆತ ಮೆತ್ತಗಾಗುತ್ತದೆ. ನಾಯಿಯ ಲೀಶಿನ ಭಾರದ ಕೊಂಡಿ ಬೇಡ, ಪ್ರತಿ ಹೆಜ್ಜೆಗೂ ಅದು ಬೆನ್ನಿಗೆ ಬಡಿಯುತ್ತದೆ. ಹಿಡಿಯ ಕುಣಿಕೆ ಮಣಿಕಟ್ಟಿನಲ್ಲಿರಲಿ. ಲೀಶನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ.

ಮರ ಹತ್ತಲು ಬಿಡುವವರು ಒಂದು ಮಾತು ನೆನಪಿಡಿ. ಬೆಕ್ಕಿನ ಉಗುರು ಒಳಕ್ಕೆ ಬಾಗಿರುವುದರಿಂದ ಹತ್ತುವುದು ಸುಲಭ, ತಲೆ ಕೆಳಗಾಗಿ ಇಳಿಯುವುದು ಕಷ್ಟ. ಲೀಶ್ ಕೊಂಬೆಯ ಈಚೆ ಇದ್ದು ಬೆಕ್ಕು ಆಚೆಗೆ ಜಿಗಿದರೆ ಅದು ನೇತಾಡುತ್ತದೆ. ನಿಮ್ಮ ಕೈಗೆ ನಿಲುಕುವ ಎತ್ತರಕ್ಕಿಂತ ಮೇಲೆ ಹತ್ತಲು ಬಿಡಬೇಡಿ. ನೇತಾಡಿದರೆ ಮೊದಲು ಒಂದು ಕೈ ಹೊಟ್ಟೆಯಡಿ ಕೊಟ್ಟು ಭಾರ ಎತ್ತಿಹಿಡಿಯಿರಿ, ಕೊಂಡಿ ಬಿಚ್ಚುವುದು ಆಮೇಲೆ.

ಇದೇ ಕಾರಣಕ್ಕೆ ಲೀಶನ್ನು ಕಂಬಕ್ಕೋ ಬೇಲಿಗೋ ಕಟ್ಟಿ ಒಳಗೆ ಹೋಗಿಬರುವುದು ಸಲ್ಲದು, ಎರಡು ನಿಮಿಷಕ್ಕೂ ಸಲ್ಲದು. ಬೇಲಿ ಹಾರಿದ ಬೆಕ್ಕು ಆಚೆ ಕಡೆ ನೇತಾಡುತ್ತದೆ, ನಾಯಿ ಬಂದರೆ ಓಡಲು ದಾರಿಯಿಲ್ಲ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ದೋಷ: ಕಂಕುಳಲ್ಲಿ ಕೂದಲು ಉದುರಿದೆ, ಕೆಂಪಾಗಿದೆ, ಕೆರೆದುಕೊಳ್ಳುತ್ತದೆ

ಬೆಕ್ಕನ್ನು ಮಡಿಲಲ್ಲಿ ಮಲಗಿಸಿ ಮುಂಗಾಲು ಮೆಲ್ಲಗೆ ಎತ್ತಿ ನೋಡಿ. ಎರಡೂ ಕಂಕುಳಲ್ಲಿ ಒಂದೇ ರೀತಿ ಕೆಂಪು ಗೆರೆ ಇದ್ದರೆ ಹಾರ್ನೆಸ್ ಉಜ್ಜುತ್ತಿದೆ. ಹೆಚ್ಚಾಗಿ ಬೆನ್ನಿನ ಪಟ್ಟಿ ಗಿಡ್ಡವಾಗಿ ಎದೆಪಟ್ಟಿ ಕಂಕುಳೊಳಗೆ ಎಳೆದುಕೊಂಡಿರುತ್ತದೆ. ಎದೆಪಟ್ಟಿ ಮುಂಗಾಲಿನಿಂದ ಒಂದು ಬೆರಳಗಲ ಹಿಂದೆ ಕೂರುವಂತೆ ಸರಿಪಡಿಸಿ, ಗಾಯ ಪೂರ್ತಿ ಮಾಯುವವರೆಗೆ ಹಾಕಬೇಡಿ. ಮನೆಗೆ ಬಂದ ಮೇಲೂ ಹಾರ್ನೆಸ್ ಬಿಚ್ಚದೆ ಇಡೀ ದಿನ ಬಿಡುವವರ ಬೆಕ್ಕಿಗೆ ಇದು ಬೇಗ ಆಗುತ್ತದೆ. ಉದ್ದ ಕೂದಲಾದರೆ ಅಲ್ಲೇ ಗಂಟೂ ಕಟ್ಟುತ್ತದೆ.

ಒಂದೇ ಕಂಕುಳಲ್ಲಿ ಆಳವಾದ, ವಾಸನೆ ಬರುವ ಗಾಯವಿದ್ದರೆ ಕಾಲರನ್ನು ಅನುಮಾನಿಸಿ. ಸಡಿಲವಾದ ಅಥವಾ ಎಲಾಸ್ಟಿಕ್ ಕಾಲರಿನೊಳಗೆ ಬೆಕ್ಕು ಒಂದು ಮುಂಗಾಲು ತೂರಿಸಿಕೊಂಡು ಕಾಲರ್ ಜನಿವಾರದಂತೆ ಅಡ್ಡ ಬಿದ್ದಿರುತ್ತದೆ. ದಿನಗಟ್ಟಲೆ ಹಾಗೇ ಇದ್ದರೆ ಚರ್ಮ ಕೊಯ್ದು ಒಳಗಿಳಿಯುತ್ತದೆ. ಆ ಜಾಗದ ಗಾಯ ಪ್ರತಿ ಹೆಜ್ಜೆಗೂ ಅಲುಗುವುದರಿಂದ ಮಾಯುವುದು ಬಹಳ ನಿಧಾನ. ಮನೆಮದ್ದು ಬೇಡ, ಪಶುವೈದ್ಯರೇ ನೋಡಬೇಕು.

ಗಾಯವಿಲ್ಲ, ಬರೀ ಕೆರೆತವೇ? ಒದ್ದೆ ಬಿಳಿ ಕಾಗದದ ಮೇಲೆ ಬೆಕ್ಕಿನ ಕೂದಲು ಬಾಚಿ. ಬಿದ್ದ ಕಪ್ಪು ಚುಕ್ಕಿಗಳ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಹಾರ್ನೆಸ್‌ನ ತಪ್ಪಲ್ಲ. ಬೆಕ್ಕಿಗೆಂದೇ ಇರುವ ಔಷಧಿಯನ್ನು ಪಶುವೈದ್ಯರಿಂದ ಪಡೆಯಿರಿ. ನಾಯಿಗೆ ಹಾಕುವ, ಪರ್ಮೆಥ್ರಿನ್ ಇರುವ ಚಿಗಟದ ಔಷಧಿ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ದೋಷ: ಕಾಲರ್ ಪದೇ ಪದೇ ಬಿಚ್ಚಿ ಕಳೆದುಹೋಗುತ್ತದೆ, ಅಥವಾ ಬಿಚ್ಚುವುದೇ ಇಲ್ಲ

ಬಿಚ್ಚಿ ಹೋದರೆ ಬೇಸರ ಬೇಡ. ಬೇಲಿಗೋ ಕೊಂಬೆಗೋ ಸಿಕ್ಕಾಗ ಬಿಚ್ಚಿಕೊಳ್ಳುವುದೇ ಅದರ ಕೆಲಸ. ವಾರಕ್ಕೊಮ್ಮೆ ಬಿಚ್ಚುತ್ತಿದ್ದರೆ ಬಕಲ್ ಸವೆದಿದೆ, ಬದಲಿಸಿ. ಅದರ ಸಿಟ್ಟಿಗೆ ಗಟ್ಟಿ ಬಕಲಿನ ಕಾಲರ್ ತಂದು ಹಾಕಬೇಡಿ.

ಬಿಚ್ಚದ ಕಾಲರ್ ಹೆಚ್ಚು ಅಪಾಯ. ಪೆಟ್ಟಿಗೆಯ ಮೇಲಿನ ಮಾತು ನಂಬದೆ ಮನೆಯಲ್ಲೇ ಪರೀಕ್ಷಿಸಿ. ನಾನು ಮಾಡುವುದು ಹೀಗೆ: ಬಕಲ್ ಹಾಕಿದ ಕಾಲರನ್ನು ಬಾಗಿಲ ಹಿಡಿಕೆಗೆ ನೇತುಹಾಕಿ, ಬೆಕ್ಕಿನ ತೂಕದ ಅರ್ಧದಷ್ಟು ಭಾರದ ಚೀಲವನ್ನು ಅದಕ್ಕೆ ತೂಗಿಬಿಡುತ್ತೇನೆ. ಬೆಕ್ಕು ನಾಲ್ಕು ಕಿಲೋ ಇದ್ದರೆ ಚೀಲ ಎರಡು ಕಿಲೋ. ಬಿಚ್ಚಿಕೊಳ್ಳಲಿಲ್ಲವೆಂದರೆ ಆ ಕಾಲರ್ ಕಸದ ಬುಟ್ಟಿಗೆ. ಕುತ್ತಿಗೆಗೂ ಕಾಲರಿಗೂ ನಡುವೆ ಎರಡು ಬೆರಳು ತೂರಬೇಕು. ಅದಕ್ಕಿಂತ ಸಡಿಲವಾದರೆ ಮೈ ನೆಕ್ಕುವಾಗ ಕೆಳದವಡೆ ಸಿಕ್ಕಿಕೊಳ್ಳುತ್ತದೆ. ಬೆಳೆಯುವ ಮರಿಯಾದರೆ ವಾರವಾರ ಬೆರಳಿಟ್ಟು ನೋಡಿ.

ಕಾಲರ್ ಬಿಚ್ಚಿ ಬಿದ್ದರೂ ಗುರುತು ಉಳಿಯಬೇಕೆಂದರೆ ಮೈಕ್ರೋಚಿಪ್ ಹಾಕಿಸಿ. ಅಕ್ಕಿಕಾಳಿನ ಗಾತ್ರದ ಅದನ್ನು ಹೆಗಲುಗಳ ನಡುವೆ ಚರ್ಮದಡಿ ಸೂಜಿಯಿಂದ ಇಡುತ್ತಾರೆ. ಅದರಲ್ಲಿರುವುದು ಸಾಮಾನ್ಯವಾಗಿ 15 ಅಂಕಿಯ ಒಂದು ಸಂಖ್ಯೆ ಅಷ್ಟೇ, ಬೆಕ್ಕು ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಆ ಸಂಖ್ಯೆಯ ಜೊತೆ ನಿಮ್ಮ ಈಗಿನ ಫೋನ್ ನಂಬರ್ ನೋಂದಣಿಯಾಗಿಲ್ಲದಿದ್ದರೆ ಚಿಪ್ ಇದ್ದೂ ಪ್ರಯೋಜನವಿಲ್ಲ.

ದೋಷ: ಹೊರಗಿನ ರುಚಿ ಹತ್ತಿ, ಬಾಗಿಲು ತೆರೆದರೆ ನುಗ್ಗುತ್ತದೆ

ಬೆಕ್ಕು ತಾನೇ ಹೊಸ್ತಿಲು ದಾಟಿ ಹೊರಗೆ ನಡೆಯಲು ಬಿಟ್ಟಿದ್ದರೆ ಇದು ಆಗಿಯೇ ಆಗುತ್ತದೆ. ಬಾಗಿಲು ತನ್ನದೇ ದಾರಿ ಎಂದು ಅದು ತಿಳಿಯಿತು. ಹಾರ್ನೆಸನ್ನು ಬಾಗಿಲಿಂದ ದೂರದ ಕೋಣೆಯಲ್ಲಿ ಹಾಕಿ, ಕ್ಯಾರಿಯರಿನಲ್ಲಿ ಕೂರಿಸಿ ಹೊಸ್ತಿಲು ದಾಟಿಸಿ, ಹೊರಗೆ ಇಳಿಸಿ. ಬರುವಾಗಲೂ ಹಾಗೇ. ಬಾಗಿಲ ಬಳಿ ಕೂಗಿದಾಗ ಕರೆದೊಯ್ಯಬೇಡಿ, ನಿಗದಿತ ಹೊತ್ತಿಗೆ ಮಾತ್ರ ಹೋಗಿ. ಕೆಲವು ದಿನ ಕೂಗು ಜೋರಾಗುತ್ತದೆ, ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು.

ದೋಷ: ಬಾಯಿ ತೆರೆದು ಏದುಸಿರು ಬಿಡುತ್ತದೆ

ನಾಯಿಗೆ ಇದು ಸಹಜ, ಬೆಕ್ಕಿಗೆ ಅಲ್ಲ. ಭಯ, ಬಿಸಿಲಿನ ತಾಪ, ಹೃದಯ ಅಥವಾ ಶ್ವಾಸದ ತೊಂದರೆ, ಇವುಗಳಲ್ಲಿ ಯಾವುದೂ ಇರಬಹುದು. ಹಾರ್ನೆಸ್ ಬಿಚ್ಚಿ ಕ್ಯಾರಿಯರಿಗೆ ಇಳಿಸಿ ನೆರಳಿಗೆ ಒಯ್ಯಿರಿ. ಮೈ ಸುಡುತ್ತಿದ್ದರೆ ತಣ್ಣೀರಿನಿಂದ ಕಾಲು, ಹೊಟ್ಟೆ ಒದ್ದೆ ಮಾಡಿ, ಮಂಜುಗಡ್ಡೆ ಬೇಡ. ಕೆಲವೇ ನಿಮಿಷದಲ್ಲಿ ಬಾಯಿ ಮುಚ್ಚದಿದ್ದರೆ ದಾರಿಯಲ್ಲೇ ಫೋನ್ ಮಾಡುತ್ತ ಪಶುವೈದ್ಯರಲ್ಲಿಗೆ ಹೊರಡಿ. ಮುಂದಿನ ಸಲ ಹೊರಡುವ ಮೊದಲು ಅಂಗೈ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ತಾಳಲಾಗದ ನೆಲ ಅದರ ಪಾದಕ್ಕೂ ತಾಳದು.

ಎಲ್ಲ ಮೀರಿ ತಪ್ಪಿಸಿಕೊಂಡರೆ

ಅಟ್ಟಿಸಿಕೊಂಡು ಓಡಬೇಡಿ. ಹೆದರಿದ ಬೆಕ್ಕಿನ ಹಿಂದೆ ಓಡುವವರು ಯಾರೇ ಆಗಲಿ, ಅದಕ್ಕೆ ಶತ್ರುವೇ. ಅದು ಹೋದ ದಿಕ್ಕನ್ನು ಮಾತ್ರ ಕಣ್ಣಲ್ಲಿ ಹಿಡಿದು, ನಿಂತಲ್ಲೇ ಕುಳಿತು, ಮೆಲುದನಿಯಲ್ಲಿ ಕರೆಯಿರಿ. ಮೈಮೇಲೆ ಹಾರ್ನೆಸ್, ಲೀಶ್ ಇರುವಾಗಲೇ ಓಡಿದ್ದರೆ ಹುಡುಕಾಟ ತುರ್ತು, ಏಕೆಂದರೆ ಲೀಶ್ ಎಲ್ಲಾದರೂ ಸಿಕ್ಕಿಕೊಂಡಿರುತ್ತದೆ. ಪೊದೆ, ಬೇಲಿ, ಗೋಡೆಯಂಚು ಮೊದಲು ನೋಡಿ.

ಮನೆಯೊಳಗೇ ಬೆಳೆದ ಬೆಕ್ಕು ಸಾಮಾನ್ಯವಾಗಿ ದೂರ ಹೋಗುವುದಿಲ್ಲ. ಹತ್ತಿರದ ಮೊದಲ ಕತ್ತಲೆ ಸಂದಿಗೆ ಸೇರಿ, ಹೆಸರು ಹಿಡಿದು ಕೂಗಿದರೂ ಉಸಿರೆತ್ತದೆ ಕೂರುತ್ತದೆ. ಹಾಗಾಗಿ ಕಿವಿಗಿಂತ ಕಣ್ಣಿಂದ ಹುಡುಕಬೇಕು. ನೆಲಕ್ಕೆ ಬಾಗಿ ಮೆಟ್ಟಿಲ ಕೆಳಗೆ, ನಿಂತ ವಾಹನದ ಅಡಿ, ಪೈಪುಗಳ ಹಿಂದೆ ನೋಡಿ. ರಾತ್ರಿಯಾದರೆ ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು ನಿಧಾನವಾಗಿ ಹಾಯಿಸಿ, ಅದರ ಕಣ್ಣು ಸಾಮಾನ್ಯವಾಗಿ ಹಸಿರಾಗಿ ಹೊಳೆಯುತ್ತದೆ.

ಚುಕ್ಕಿ ಸಿಕ್ಕಿದ್ದು ಹಾಗೆಯೇ. ತಪ್ಪಿಸಿಕೊಂಡ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಪೇರಿಸಿಟ್ಟ ಹಲಗೆಗಳ ಹಿಂದೆ. ಸಂಜೆಯಿಂದ ಅದೇ ಹಲಗೆಗಳ ಪಕ್ಕ ಎಂಟು ಸಲ ಹಾದುಹೋಗಿದ್ದೆ, ಹೆಸರು ಹಿಡಿದು ಕರೆದಿದ್ದೆ. ಒಂದು ಸಲವೂ ಮಿಯಾಂವ್ ಅನ್ನಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಟಾರ್ಚಿನ ಬೆಳಕಿಗೆ ಎರಡು ಚುಕ್ಕೆ ಮಿನುಗಿದವು. ಕ್ಯಾರಿಯರನ್ನು ಬಾಗಿಲು ತೆರೆದು ಅದರ ಮುಂದೆ ಇಟ್ಟು, ಒಳಗೆ ಅದರದೇ ಹಾಸಿಗೆ ಹಾಕಿ, ನಾನು ಬೆನ್ನು ತಿರುಗಿಸಿ ಕುಳಿತೆ. ನಲವತ್ತು ನಿಮಿಷವಾದ ಮೇಲೆ ಹಾಸಿಗೆ ಕೆದಕುವ ಸದ್ದು ಕೇಳಿಸಿತು.

ಸಿಕ್ಕಿದ ಬೆಕ್ಕನ್ನು ಮರುದಿನವೇ ಹೊರಗೆ ಕರೆದೊಯ್ಯಬೇಡಿ. ಮೈ, ಪಾದ, ಉಗುರು ನೋಡಿ, ಊಟ ಮತ್ತು ಮೂತ್ರ ಎಂದಿನಂತಿವೆಯೇ ಗಮನಿಸಿ. ಒಂದೆರಡು ವಾರ ಬಿಟ್ಟು, ಹಾರ್ನೆಸ್ ಹಾಸಿಗೆಯ ಪಕ್ಕ ಇಡುವ ಮೊದಲ ಹೆಜ್ಜೆಯಿಂದಲೇ ಮತ್ತೆ ಶುರುಮಾಡಿ. ಚುಕ್ಕಿಗೆ ಮರಳಿ ಹೊಸ್ತಿಲಾಚೆ ಹೋಗಲು ಏಳು ವಾರ ಬೇಕಾಯಿತು.